ಹೆಸರು ಬರೆಯಬೇಕಿಲ್ಲ

ನಮ್ಮ ಫ್ಯಾಕ್ಟರಿಯಲ್ಲಿ ಒಂದು ಫಾರಂ ಹೊರಟಿತೆಂದರೆ, ಕೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತುಂಬಿಕೊಂಡು ವಾಪಸ್ಸು ಬರುತ್ತದೆ. ಬ್ಲಡ್ ಗ್ರೂಪ್ ಕೇಳಿದರೆ ರಾಶಿ ನಕ್ಷತ್ರ ಬರುತ್ತದೆ. ತುರ್ತು ಸಮಯಕ್ಕೊಂದು ಫೋನ್ ನಂಬರ್ ಕೊಡಿ ಅಂದರೆ 'ಅಂಥದ್ದೇನೂ ಆಗುವುದಿಲ್ಲ, ದೇವರಿದ್ದಾನೆ' ಅಂತ ಬರುತ್ತದೆ. ಎಚ್.ಆರ್. ಟೇಬಲ್ಲಿನಲ್ಲಿ ಕೂತು ಇದನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು, ರಜೆ ಲೆಕ್ಕ ಇಡುವುದು, ನೋಟಿಸ್ ಟೈಪ್ ಮಾಡುವುದು ನನ್ನ ಕೆಲಸ. ಹಾಗಾಗಿ ಇಂಥ ಪ್ರಸಂಗಗಳು ನಾನು ಹುಡುಕಿಕೊಂಡು ಹೋಗದಿದ್ದರೂ ನನ್ನ ಟೇಬಲ್ಲಿಗೇ ಬಂದು ಬೀಳುತ್ತವೆ. ಒಂದೇ ವಾರದಲ್ಲಿ ಬಿದ್ದವನ್ನು ಇಲ್ಲಿ ಬರೆಯುತ್ತೇನೆ.

ಫ್ಯಾಕ್ಟರಿ ಗಡಿಗೆ ಅಂಟಿಕೊಂಡ ತಮಿಳು ಸೀಮೆಯ ಮೂಕಂಡಪಲ್ಲಿಯಲ್ಲಿದೆ. ಗಾಡಿಗಳೊಳಗೆ ಹೋಗುವ ವೈರುಗಳನ್ನು ಕಟ್ಟು ಕಟ್ಟಾಗಿ ಜೋಡಿಸುತ್ತೇವೆ. ಲೈನಿನಲ್ಲಿ ಬಹುಪಾಲು ಹೆಂಗಸರೇ. ಬಾಗಲೂರು ಕಡೆಯ ಹಳ್ಳಿಗಳಿಂದ ಬರುವವರಿಗೆ ಒಂದು ಬಸ್ಸು. ನನ್ನನ್ನೂ ಸೇರಿಸಿ ನಲವತ್ತಾರು ಜನ. ನನಗೆ ಮಾತು ಕಡಿಮೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳೆಂದು ಜಂಬ ಅಂದುಕೊಂಡವರೂ ಇದ್ದಾರೆ. ಜಂಬವಲ್ಲ. ಡ್ರೈವರಿಗೆ 'ನಿಲ್ಲಿಸಿ' ಅನ್ನಲು ನಾಚಿಕೆಯಾಗಿ, ಮುಂದಿನ ಊರಿನಲ್ಲಿ ಬೇರೆಯವರ ಜೊತೆ ಇಳಿದು ವಾಪಸ್ಸು ನಡೆದು ಬಂದಿದ್ದೇನೆ.

ಆ ಬಸ್ಸು ಮೊದಲು ಊರೊಳಗೆ ಬಂದು ಮನೆ ಹತ್ತಿರವೇ ಇಳಿಸುತ್ತಿತ್ತು. ಎರಡು ವಾರದ ಹಿಂದೆ 'ಟ್ರಯಲ್' ಅಂತ ಹೇಳಿ, ಮೂರು ದಾರಿ ಸೇರುವ ಕೂಟ್ ರೋಡಿನಲ್ಲೇ ಇಳಿಸಲು ಶುರುಮಾಡಿದರು. ಅಲ್ಲಿಂದ ನಮ್ಮ ಊರುಗಳಿಗೆ ಒಂದೂವರೆ, ಎರಡು ಕಿಲೋಮೀಟರ್. ಎರಡೂ ಕಡೆ ಗುಲಾಬಿ ಬೆಳೆಯುವ ಪಾಲಿಹೌಸುಗಳು, ನಡುವೆ ದೀಪವಿಲ್ಲದ ದಾರಿ. ಬಸ್ಸು ನಿಲ್ಲುವ ಜಾಗದ ಎದುರಿಗೇ ಬ್ರಾಂದಿ ಅಂಗಡಿ. ಬೇಗ ಕತ್ತಲಾಗುವ ತಿಂಗಳು ಬೇರೆ.

ಇದನ್ನು ಯಾರೂ ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಮನೆಯವರು ಕಂಪನಿಯನ್ನು ಬೈಯುವುದಿಲ್ಲ, ಕೆಲಸ ಬಿಡಿಸುತ್ತಾರೆ. ನಮ್ಮಲ್ಲಿ ಟೆಸ್ಟಿಂಗ್ ಟೇಬಲ್ಲಿನ ಅಕ್ಕ ಒಬ್ಬರಿದ್ದಾರೆ. ಅವರನ್ನು ಕೆಲಸಕ್ಕೆ ಕಳಿಸುವಾಗಲೇ ಅವರ ಭಾವನವರು ಷರತ್ತು ಹಾಕಿದ್ದರಂತೆ: ಬಸ್ಸು ಮನೆ ಮುಂದೆ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಎರಡು ವಾರದಿಂದ ಅಕ್ಕ ಮನೆಯಲ್ಲಿ 'ಬಸ್ಸು ಲೇಟು' ಅಂತ ಹೇಳಿಕೊಂಡು ಬರುತ್ತಿದ್ದರು. ಒಂದು ದಿನ ನನ್ನ ಹತ್ತಿರ ಅಂದಿದ್ದರು, "ಮನೇಲಿ ಸಾರಿಗೆ ಉಪ್ಪು ಜಾಸ್ತಿ ಅಂದ್ರೂ ನನ್ ಮಾತು ಯಾರೂ ಕೇಳಲ್ಲ ಮೇಡಂ. ಇಲ್ಲಿ ನಾನು ರಿಜೆಕ್ಟ್ ಅಂದ್ರೆ ರಿಜೆಕ್ಟ್."

ನಮ್ಮ ಪ್ಲಾಂಟ್ ಮ್ಯಾನೇಜರ್ ಸಾರ್ ರೂಲ್ಸಿನ ಮನುಷ್ಯ. ನೋಟಿಸ್ ಬೋರ್ಡಿನ ಮುಂದೆ ಹಾದುಹೋಗುವಾಗ ಜೇಬಿನಿಂದ ಕೆಂಪು ಪೆನ್ನು ತೆಗೆದು ನನ್ನ ತಪ್ಪುಗಳನ್ನು ತಿದ್ದಿ ಹೋಗುತ್ತಾರೆ. ಮಾತಾಡುವುದು ತಮಿಳಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಕರೆದು ಹೇಳಿದರು: ಸೂಳಗಿರಿ ಕಡೆಯವರು ಹೈವೇಯಲ್ಲೇ ಇಳಿದು ಹೋಗುವುದಿಲ್ಲವೇ? ಇವರಿಗೆ ತೊಂದರೆ ಇದ್ದರೆ ಬರೆದುಕೊಡಲಿ. ಫೋನಿಗೆ ಒಂದು ಆನ್‌ಲೈನ್ ಫಾರಂ ಕಳಿಸು. ಹೆಸರು ಬೇಡ, ಹೆಸರಿಲ್ಲದಿದ್ದರೆ ಜನ ನಿಜ ಬರೆಯುತ್ತಾರೆ. ಶುಕ್ರವಾರ ಐದು ಗಂಟೆಗೆ ಶೀಟು ನನ್ನ ಕೈಯಲ್ಲಿರಬೇಕು. ನಲವತ್ತಾದರೂ ಬರಲಿ. ಬರದಿದ್ದರೆ ಕೂಟ್ ರೋಡೇ ಖಾಯಂ.

೧. ಕನಕಾಂಬರ

ಫಾರಮ್ಮನ್ನು ಚೆನ್ನಾಗಿಯೇ ಮಾಡಿದ್ದೆ. ಮೇಲೆ ಕಂಪನಿಯ ಚಿಹ್ನೆ, ಕೆಳಗೆ 'ನಿಮ್ಮ ಉತ್ತರವನ್ನು ಗೌಪ್ಯವಾಗಿ ಇಡಲಾಗುವುದು', ಅದರ ಕೆಳಗೆ ದಪ್ಪಕ್ಷರದಲ್ಲಿ 'ಹೆಸರು ಬರೆಯಬೇಕಿಲ್ಲ'. ತಮಿಳು, ಕನ್ನಡ ಎರಡರಲ್ಲೂ. ಮೂರೇ ಪ್ರಶ್ನೆ. ಎಲ್ಲಿ ಇಳಿಯುತ್ತೀರಿ, ಏನು ತೊಂದರೆ, ಬೇರೆ ಏನಾದರೂ ಹೇಳುವುದಿದೆಯೇ.

ಮಧ್ಯಾಹ್ನದ ಹೊತ್ತಿಗೆ ಬಂದದ್ದು ಸೊನ್ನೆ.

ನಮ್ಮಲ್ಲಿ ಲೈನಿಗೆ ಫೋನ್ ತರುವಂತಿಲ್ಲ, ಲಾಕರಿನಲ್ಲಿಟ್ಟು ಊಟದ ಹೊತ್ತಿಗೆ ತೆಗೆದುಕೊಳ್ಳಬೇಕು. ಕ್ಯಾಂಟೀನಿಗೆ ಹೋಗಿ ನೋಡಿದರೆ ಎಲ್ಲರೂ ಫೋನಿನಲ್ಲಿ ಏನನ್ನೋ ತುಂಬುತ್ತಿದ್ದಾರೆ. ನನ್ನ ಎದೆ ಹಗುರಾಯಿತು. ಹತ್ತಿರ ಹೋದೆ. ಅದು 'ನೀವು ಯಾವ ಹೂವು?' ಅನ್ನುವ ಆಟ. ಹುಟ್ಟಿದ ತಾರೀಖು, ಗಳಿಗೆ, ಊರು, ಫೋನ್ ನಂಬರ್, ತಾಯಿಯ ಹೆಸರು, ಮನಸ್ಸಿಗೆ ತುಂಬಾ ಬೇಜಾರಾದಾಗ ಯಾರನ್ನು ನೆನೆಯುತ್ತೀರಿ — ಎಲ್ಲ ಕೇಳುತ್ತಿತ್ತು. ಎಲ್ಲ ಕೊಡುತ್ತಿದ್ದರು. ಎಲ್ಲೋ ಕೂತ ಯಾರಿಗೋ. ಟೆಸ್ಟಿಂಗ್ ಅಕ್ಕನಿಗೆ ಕನಕಾಂಬರ ಬಂದಿತ್ತು. 'ವಾಸನೆ ಇಲ್ಲ, ಆದರೆ ಬೇಗ ಬಾಡುವುದಿಲ್ಲ' ಅಂತಿತ್ತಂತೆ. ಅದನ್ನು ಎರಡು ಸಲ ಓದಿಸಿಕೊಂಡರು.

ಪಕ್ಕದಲ್ಲಿದ್ದ ಕಟಿಂಗ್ ಸೆಕ್ಷನ್ನಿನ ಹುಡುಗಿಯನ್ನು ಮೆಲ್ಲಗೆ ಕೇಳಿದೆ: ತಾಯಿಯ ಹೆಸರನ್ನೇ ಕೊಟ್ಟೆಯಲ್ಲ, ನಮ್ಮ ಫಾರಂ ಯಾಕೆ ತುಂಬಲಿಲ್ಲ?

ಅವಳು ಅನ್ನ ಕಲಸುತ್ತ ಹೇಳಿದಳು, "ಅದು ನನ್ ಬಗ್ಗೆ ಕೇಳ್ತದೆ ಮೇಡಂ. ನಿಮ್ದು ಬಸ್ಸಿನ್ ಬಗ್ಗೆ ಕೇಳ್ತದೆ."

೨. ಗೇಟಿನ ತಾತ

ಆ ರಾತ್ರಿಯೇ ಕಂಪನಿಯ ಚಿಹ್ನೆ ತೆಗೆದುಹಾಕಿದೆ. 'ಗೌಪ್ಯ' ಅನ್ನುವ ಪದವನ್ನೂ ತೆಗೆದೆ. ಆ ಪದ ಓದಿದ ಮೇಲೆಯೇ ಜನಕ್ಕೆ ಮುಚ್ಚಿಡುವುದೇನೋ ಇದೆ ಅಂತ ಅನುಮಾನ ಬರುವುದು. ಒಂದು ಗುಲಾಬಿ ಹೂವಿನ ಚಿತ್ರ ಹಾಕಿದೆ. 'ಊಟ ಆಯ್ತಾ? ಒಂದು ನಿಮಿಷ ಇದೆಯಾ?' ಅಂತ ಶುರುಮಾಡಿದೆ.

ಮಂಗಳವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಒಂದು ಉತ್ತರ! ಉದ್ದ ಅಂದರೆ ಉದ್ದ, ಮೂರು ಸ್ಕ್ರೀನ್. ಖುಷಿಯಿಂದ ಓದಲು ಶುರುಮಾಡಿದೆ. ಎಲ್ಲಿ ಇಳಿಯುತ್ತೀರಿ: 'ಸೈಕಲ್.' ಏನು ತೊಂದರೆ: 'ಎಡಗಡೆ ಮಂಡಿ.' ಬೇರೆ ಏನಾದರೂ ಹೇಳುವುದಿದೆಯೇ ಅನ್ನುವಲ್ಲಿ ಗೇಟಿನ ಸ್ಟೂಲಿಗೆ ಒಂದು ಕಾಲು ಗಿಡ್ಡ ಇರುವುದು, ಲಾರಿಯವರು ಬೆಳಗಾಗುವ ಮುಂಚೆಯೇ ಹಾರನ್ ಹೊಡೆಯುವುದು, ಆಮೇಲೆ ಕೃಷ್ಣಗಿರಿಯಲ್ಲಿರುವ ಅಳಿಯ ಹಬ್ಬಕ್ಕೆ ಬಂದಾಗ ಮಾತಾಡಿಸದೆ ಟಿವಿ ನೋಡುತ್ತ ಕೂತದ್ದು.

ಯಾರೋ ಲಿಂಕನ್ನು ನಮ್ಮ ವಾಚ್‌ಮನ್ ತಾತನಿಗೆ ಕಳಿಸಿಬಿಟ್ಟಿದ್ದರು. ಗೇಟಿಗೆ ಹೋಗಿ, ತಾತ, ಇದು ಬಸ್ಸಿನ ಹೆಂಗಸರಿಗೆ ಮಾತ್ರ ಅಂದೆ.

"ಗೊತ್ತು ಕಣಮ್ಮ," ಅಂದರು. "ಕೊನೇಲಿ ಕೇಳಿತ್ತಲ್ಲ, ಬೇರೆ ಏನಾದ್ರೂ ಹೇಳೋದೈತಾ ಅಂತ. ಈ ಗೇಟಲ್ಲಿ ಕುಂತು ಹದಿನಾಲ್ಕು ವರ್ಷ ಆಯ್ತು. ಕೇಳಿದ್ದು ಇದೇ ಮೊದಲು."

ತಿರುಗಿ ಹೊರಟೆ. ಹಿಂದಿನಿಂದ ಕರೆದರು.

"ಅಮ್ಮಯ್ಯ, ಇನ್ನೊಂದು ಕಿತ ತುಂಬಬೌದಾ? ಅಳಿಯಂದು ಇನ್ನೂ ಐತೆ."

೩. ಹನ್ನೊಂದು ಗಂಡಂದಿರು

ಅದೇ ಮಂಗಳವಾರ ಊಟದ ಹೊತ್ತಿನಲ್ಲಿ ಹತ್ತೇ ನಿಮಿಷದೊಳಗೆ ಹನ್ನೊಂದು ಉತ್ತರ ಬಂದವು. ಓದಿದ ಮೇಲೆ ಊಟ ಸೇರಲಿಲ್ಲ.

ಹನ್ನೊಂದರಲ್ಲೂ ಒಂದೇ ವಾಕ್ಯ: 'ಕೂಟ್ ರೋಡಿನಲ್ಲಿ ಇಳಿಯಲು ಏನೂ ತೊಂದರೆ ಇಲ್ಲ. ನಮ್ಮ ಯಜಮಾನರು ಮೊಪೆಡ್ ತಂದು ಕಾಯುತ್ತಾ ಇರುತ್ತಾರೆ.'

ನಾನೂ ಅದೇ ಬಸ್ಸಿನಲ್ಲಿ ಇಳಿಯುವವಳು. ಕೂಟ್ ರೋಡಿನಲ್ಲಿ ನಮಗಾಗಿ ಕಾಯುವ ಒಂದು ಮೊಪೆಡ್ಡನ್ನೂ ನಾನು ಕಂಡಿಲ್ಲ. ಇಂಥವೇ ನಲವತ್ತು ಬಂದುಬಿಟ್ಟರೆ ಸಾರ್ ಸಂತೋಷವಾಗಿ ಸಹಿ ಹಾಕುತ್ತಾರೆ, ಬಸ್ಸು ಊರೊಳಗೆ ಬರುವುದು ಅಲ್ಲಿಗೆ ಮುಗಿಯಿತು.

ಕಟಿಂಗ್ ಸೆಕ್ಷನ್ನಿನ ಹುಡುಗಿಯನ್ನೇ ಹಿಡಿದೆ. ಅವಳು ಮುಚ್ಚಿಡಲಿಲ್ಲ. ಮೊದಲು ಟೆಸ್ಟಿಂಗ್ ಅಕ್ಕ ಬರೆದರಂತೆ, ಅದನ್ನು ನೋಡಿಕೊಂಡು ಇವರೆಲ್ಲ ಬರೆದರಂತೆ. ಅಕ್ಕನ ಯಜಮಾನರು ಲಾರಿ ಓಡಿಸುತ್ತಾರೆ, ಮನೆಗೆ ಬರುವುದೇ ವಾರಕ್ಕೊಮ್ಮೆ. ಅಂದರೆ ಮೂಲಪ್ರತಿಯಲ್ಲಿದ್ದ ಮೊಪೆಡ್ಡೇ ಸುಳ್ಳು.

"ಅಕ್ಕ ಬರ್ದಿದ್ದು ಚೆನ್ನಾಗಿತ್ತು ಮೇಡಂ," ಅಂದಳು. "ನಾಳೆ ಯಾರ್ ಕೈಗೆ ಸಿಕ್ಕಿದ್ರೂ ನಮ್ಮನ್ ಬೈಯಂಗಿಲ್ಲ."

ಅದೆಲ್ಲ ಸರಿ, ಆದರೆ ನಿನಗೆ ಮದುವೆಯೇ ಆಗಿಲ್ಲವಲ್ಲ ಅಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಹೆಸರೇ ಬೇಡ ಅಂದ್ರಲ್ಲ ಮೇಡಂ. ಹೆಸರಿಲ್ದೋಳಿಗೆ ಗಂಡ ಇದ್ರೇನು, ಇಲ್ದಿದ್ರೇನು?"

೪. ಗುಟ್ಟು

ಬುಧವಾರ. ಕ್ಯಾಂಟೀನು ಮತ್ತು ಪ್ರೆಸ್ ಹಾಲಿನ ನಡುವೆ ಒಂದೇ ಗೋಡೆ. ಮೆಷಿನ್ನುಗಳು ಓಡುತ್ತಿದ್ದರೆ ಪಕ್ಕದವರ ಕಿವಿಗೆ ಬಾಯಿಟ್ಟು ಕೂಗಬೇಕು. ಹೀಗಾಗಿ ನಮ್ಮವರಿಗೆ ಗುಟ್ಟು ಹೇಳುವುದೂ ಕೂಗಿಯೇ ಅಭ್ಯಾಸ.

ಪ್ಯಾಕಿಂಗಿನ ಒಬ್ಬ ಅಕ್ಕನಿಗೆ ಟೈಪ್ ಮಾಡಲು ಬರುವುದಿಲ್ಲ. ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ ಅಂತ ಮಗಳು ತೋರಿಸಿಕೊಟ್ಟಿದ್ದಳಂತೆ. ಆಯಮ್ಮ, ತಾನು ಹೇಳುವುದನ್ನು ಯಾರೂ ಕೇಳಬಾರದು ಅಂತ ಮೆಟ್ಟಿಲ ಕೆಳಗಿನ ಮೂಲೆಗೆ ಹೋದರು. ಗೋಡೆ ಕಡೆ ಮುಖ ಮಾಡಿದರು. ಬಾಯಿಗೆ ಕೈ ಅಡ್ಡ ಹಿಡಿದರು. ಈಕೆ ನಿಜ ಹೇಳಲು ಹೊರಟಿದ್ದಾರೆ ಅಂತ ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ನಾನು ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ.

ಆಯಮ್ಮ ಗಂಟಲೆತ್ತಿದ್ದಕ್ಕೂ, ಪ್ರೆಸ್ ಹಾಲಿನಲ್ಲಿ ಊಟಕ್ಕೆ ಅಂತ ಮೆಷಿನ್ನು ಆಫ್ ಆಗುವುದಕ್ಕೂ ಸರಿಹೋಯಿತು.

"ಬ್ರಾಂದಿ ಅಂಗಡಿ ಮುಂದೆ ಇಳಿಯಕ್ಕೆ ಜೀವ ಹೋಯ್ತದೆ! ಮನೇಲಿ ಬಸ್ಸು ಲೇಟು ಅಂತ ಸುಳ್ಳು ಹೇಳ್ಕಂಡ್ ಬತ್ತಾ ಇದೀನಿ!"

ಇಡೀ ಕ್ಯಾಂಟೀನಿಗೆ ಕೇಳಿಸಿತು. ಎಲ್ಲರೂ ನೋಡಿದ್ದು ಆಯಮ್ಮನನ್ನಲ್ಲ. ಬಾಗಿಲ ಹತ್ತಿರ ಊಟ ಮಾಡುತ್ತಿದ್ದ ಫೋರ್ಕ್‌ಲಿಫ್ಟ್ ಡ್ರೈವರನ್ನು. ಅವನು ಅವರದೇ ಊರಿನವನು, ಅವರ ಗಂಡನ ಜೊತೆ ಸಂಜೆ ಕೇರಂ ಆಡುವವನು. ಆಯಮ್ಮ ತಿರುಗಿ ಅವನನ್ನು ಕಂಡರು. ಮತ್ತೆ ಫೋನಿಗೆ, ಈ ಸಲ ಮೆತ್ತಗೆ, "ಅಂತ ಪಕ್ಕದೂರಿನೋರು ಯಾರೋ ಹೇಳ್ತಾ ಇದ್ರು..." ಅಂತ ಸೇರಿಸಿದರು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಫೋನನ್ನು ಹಾಗೇ ಹಿಡಿದು ನಿಂತರು.

ಡ್ರೈವರ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆಫ್ ಮಾಡಕ್ಕಾ," ಅಂದ. "ಇಲ್ಲಾಂದ್ರೆ ಅದು ನಾವು ಉಣ್ಣೋದನ್ನೂ ಬರ್ಕಂತದೆ."

೫. ನೀವು ಮೊದಲು

ಯಾರೂ ನಗಲಿಲ್ಲ. ಅವನು ಊರಿಗೆ ಹೋಗಿ ಏನು ಹೇಳುತ್ತಾನೋ ಅನ್ನುವುದೇ ಎಲ್ಲರ ತಲೆಯಲ್ಲಿ. ಫಾರಂ ಬರುವುದು ಪೂರ್ತಿ ನಿಂತುಹೋಯಿತು.

ನಾಲ್ಕು ಗಂಟೆಯ ಟೀಗೆ ಟೆಸ್ಟಿಂಗ್ ಅಕ್ಕ ಬಂದು ನನ್ನ ಎದುರು ಕೂತರು. ನಾನು ಕಷ್ಟಪಟ್ಟು ಬಾಯಿಬಿಟ್ಟೆ: ಅಕ್ಕ, ಆ ಮೊಪೆಡ್ಡಿನದು ಬೇಡ. ಹೀಗೇ ಬಂದರೆ ಬಸ್ಸು ಹೋಗುತ್ತೆ.

"ಬಸ್ಸು ಹೋದ್ರೆ ನನ್ ಕೆಲಸ ಹೋಗ್ತದೆ ಅಂತ ನನಗ್ ಗೊತ್ತಿಲ್ವಾ?" ಅಂದರು. "ನಿಜ ಬರ್ದು ಮನೇಲಿ ಗೊತ್ತಾದ್ರೂ ಹೋಗ್ತದೆ. ಎಲ್ಲಿ ಬೀಳ್ಬೇಕು ಹೇಳಿ." ಸ್ವಲ್ಪ ಹೊತ್ತು ಟೀ ಆರಿಸಿದರು. "ಅದೂ ಅಲ್ದೆ, ಹೆಸರಿಲ್ದೆ ಬರೆಯೋದು ಮೊಟ್ಟೆ ಕಡುದಾಸಿ ಮೇಡಂ. ನಮ್ಮೂರಲ್ಲಿ ಅದನ್ನ ಬರೆಯೋರು ಮದುವೆ ಮುರಿಯೋ ಜನ."

ಸಹಿ ಇಲ್ಲದ ಕಾಗದಕ್ಕೆ ತಮಿಳಿನವರು ಅನ್ನುವ ಮಾತು ಅದು, ನಮ್ಮ ಕಡೆಯೂ ಬಳಸುತ್ತೇವೆ. ಗಂಡಿನ ಮನೆಗೆ ಹೆಣ್ಣಿನ ಮೇಲೆ ಚಾಡಿ ಬರೆದು ಕಳಿಸುತ್ತಾರಲ್ಲ, ಅದು. 'ಹೆಸರು ಬರೆಯಬೇಕಿಲ್ಲ' ಅಂತ ದಪ್ಪಕ್ಷರದಲ್ಲಿ ಹಾಕಿ ನಾನು ಧೈರ್ಯ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಅವರಿಗೆ ಅದು ಅವಮಾನದ ಹಾಗೆ ಕಂಡಿತ್ತು.

ಆಮೇಲೆ ಅಕ್ಕ ಕೇಳಿದರು, "ನೀವೂ ಅದೇ ಬಸ್ಸಲ್ಲಿ ಬರೋರು. ನೀವು ಬರ್ದ್ರಾ?"

ಬರೆದಿರಲಿಲ್ಲ. ಬೇರೆಯವರಿಂದ ಬರೆಸುವುದು ನನ್ನ ಕೆಲಸ, ಅಷ್ಟೇ ಅಂದುಕೊಂಡಿದ್ದೆ.

"ನೀವು ಮೊದಲು," ಅಂದರು.

ಬಾಯಲ್ಲಿ ಹೇಳು ಅಂದಿದ್ದರೆ ಸತ್ತರೂ ಆಗುತ್ತಿರಲಿಲ್ಲ. ಟೈಪ್ ಮಾಡುವುದಾದ್ದರಿಂದ ಆಯಿತು. ಹೋದ ಗುರುವಾರ ಕೂಟ್ ರೋಡಿನಲ್ಲಿ ನನ್ನ ಚಪ್ಪಲಿ ಬಾರು ಕಿತ್ತು, ಮಿಕ್ಕವರಿಗಿಂತ ಹಿಂದೆ ಉಳಿದಿದ್ದೆ. ಅಂಗಡಿ ಕಡೆಯಿಂದ ಒಬ್ಬ ಹಿಂದೆ ಬಂದ. ನಾನು ನಿಂತರೆ ನಿಲ್ಲುತ್ತಿದ್ದ, ನಡೆದರೆ ನಡೆಯುತ್ತಿದ್ದ. ಕೂಗಬೇಕು ಅನಿಸಿತು, ಧ್ವನಿ ಬರಲಿಲ್ಲ. ಫೋನನ್ನು ಕಿವಿಗಿಟ್ಟು ಅಪ್ಪನ ಹತ್ತಿರ ಮಾತಾಡುವ ಹಾಗೆ ನಟಿಸಿದೆ. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ನನ್ನ ಹತ್ತಿರ ಮಾತೂ ಇರಲಿಲ್ಲ. ಏನಾದರೂ ಮಾತಾಡಲೇಬೇಕಲ್ಲ, ಬಾಯಿಗೆ ಬಂದದ್ದು ಬೆಳಗಿಂದ ಟೈಪ್ ಮಾಡಿದ್ದ ರಜೆ ನಿಯಮಗಳು. ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳುತ್ತ ನಡೆದೆ: ಕ್ಯಾಶುಯಲ್ ಲೀವ್ ವರ್ಷಕ್ಕೆ ಹನ್ನೆರಡು, ಉಳಿದದ್ದು ಮುಂದಿನ ವರ್ಷಕ್ಕೆ ಸೇರುತ್ತದೆ, ಸಿಕ್ ಲೀವಿಗೆ ಡಾಕ್ಟರ್ ಚೀಟಿ ಬೇಕು, ಮೆಟರ್ನಿಟಿ ಲೀವಿಗೆ ಮೊದಲೇ ಬರೆದುಕೊಡಬೇಕು. ಪಾಲಿಹೌಸಿನ ಕಾವಲಿನವರ ದೀಪ ಕಾಣುವವರೆಗೂ ಹೇಳಿದೆ. ತಿರುಗಿದಾಗ ಅವನಿರಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ಚಪ್ಪಲಿ ಕಿತ್ತಿತು ಅಂತ ಮಾತ್ರ ಹೇಳಿದೆ.

ಇಷ್ಟನ್ನೂ ಬರೆದು, ಕಳಿಸುವ ಮುಂಚೆ ಫೋನನ್ನು ಅಕ್ಕನ ಕಡೆ ತಳ್ಳಿದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ಅವನು ಪೂರ್ತಿ ಕೇಳಿಸ್ಕಂಡ್ನಾ?" ಅಂತ ಕೇಳಿದರು.

ಮೆಟರ್ನಿಟಿ ಲೀವ್ ಬರುವ ತನಕ ಹೆಜ್ಜೆ ಸಪ್ಪಳ ಕೇಳುತ್ತಿತ್ತು ಅಕ್ಕ, ಅಂದೆ.

ಅಕ್ಕ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. "ಆಯ್ತು. ನಾವೂ ಬರೀತೀವಿ. ಆದ್ರೆ ನೀವು ಓದ್ಬಾರ್ದು. ಸಾರ್ ಓದ್ಲಿ. ಅವ್ರು ಕಾರಲ್ಲಿ ಹೋಗೋರು, ನಾಳೆ ಬೆಳಿಗ್ಗೆ ಬಸ್ಸಲ್ಲಿ ನಮ್ ಮುಖ ನೋಡಲ್ಲ."

ಓದುವುದಿಲ್ಲ ಅಂತ ಮಾತು ಕೊಟ್ಟೆ. "ಮೆಟರ್ನಿಟಿಗೇ ಹೆದರ್ಬುಟ್ಟ ನೋಡಿ," ಅನ್ನುತ್ತ ಅಕ್ಕ ಲೋಟ ತೆಗೆದುಕೊಂಡು ಎದ್ದರು. "ಗಂಡಸು."

೬. ಲೆಟರ್‌ಹೆಡ್

ಗುರುವಾರ ಬೆಳಗಿನವರೆಗೂ ಊರಲ್ಲಿ ಏನೂ ಸುದ್ದಿಯಾಗಲಿಲ್ಲ. ಫೋರ್ಕ್‌ಲಿಫ್ಟ್ ಡ್ರೈವರ್ ಬಾಯಿಬಿಟ್ಟಿರಲಿಲ್ಲ. ಮಧ್ಯಾಹ್ನದಿಂದ ಉತ್ತರಗಳು ಬರತೊಡಗಿದವು. ನಾನು ಎಣಿಕೆಯನ್ನಷ್ಟೇ ನೋಡುತ್ತಿದ್ದೆ. ಶುಕ್ರವಾರ ಊಟದ ಹೊತ್ತಿಗೆ, ತಾತನದನ್ನೂ ಆ ಹನ್ನೊಂದು ಮೊಪೆಡ್ಡನ್ನೂ ಬಿಟ್ಟು, ನಲವತ್ತಾರು.

ಮೂರು ಗಂಟೆಗೆ ಗೇಟಿನಿಂದ ತಾತ ಫೋನ್ ಮಾಡಿ, ನಿನ್ನನ್ನು ಹುಡುಕಿಕೊಂಡು ಯಾರೋ ಬಂದಿದ್ದಾರೆ, ಬೆವರುತ್ತಿದ್ದಾರೆ ಅಂದರು. ಹೋಗಿ ನೋಡಿದರೆ ಬಾಗಲೂರು ಕಡೆ ಮೊಬೈಲ್ ಅಂಗಡಿ ಇಟ್ಟಿರುವವರು. ನಮ್ಮ ಹೆಂಗಸರಲ್ಲಿ ಅರ್ಧ ಜನ ಫೋನ್ ತೆಗೆದುಕೊಂಡದ್ದು ಅವರ ಹತ್ತಿರವೇ.

"ಮೇಡಂ, ನಿನ್ನೆಯಿಂದ ನನ್ ಇಮೇಲಿಗೆ ಒಂದೇ ಸಮ ಬತ್ತಾವೆ," ಅಂತ ಫೋನ್ ತೋರಿಸಿದರು. "ಹತ್ತೊಂಬತ್ತು ಆದ್ವು. ಎಲ್ಲಾ ನಿಮ್ ಫ್ಯಾಕ್ಟರಿ ಹೆಂಗಸ್ರದ್ದು."

ನನಗೆ ಆಗ ನೆನಪಾಯಿತು. ಫಾರಂ ಮಾಡುವಾಗ ನಾನು ಒಂದು ಗುಂಡಿ ಹಾಗೇ ಬಿಟ್ಟಿದ್ದೆ: ಇಮೇಲ್ ತೆಗೆದುಕೋ, ಉತ್ತರದ ನಕಲನ್ನು ಅದೇ ಇಮೇಲಿಗೆ ಕಳಿಸು. ಇವರು ಫೋನ್ ಮಾರುವಾಗ, ಹೊಸ ಐಡಿ ಮಾಡುವ ರಗಳೆ ಬೇಡ ಅಂತ ತಮ್ಮ ಐಡಿಯನ್ನೇ ಎಲ್ಲರ ಫೋನಿಗೂ ಹಾಕಿಕೊಟ್ಟಿದ್ದರು. ಸಾರ್ ಒಬ್ಬರೇ ಓದಲಿ ಅಂತ ಬರೆದದ್ದೆಲ್ಲ ನೆಟ್ಟಗೆ ಇವರ ಅಂಗಡಿಗೆ ಹೋಗಿತ್ತು. ಮಿಕ್ಕವು ಗಂಡಂದಿರ, ಮಕ್ಕಳ ಐಡಿಗೆ ಹೋಗಿರಬೇಕು.

ಯಾರಿಗಾದರೂ ಹೇಳಿದ್ರಾ ಅಂತ ಕೇಳಿದೆ.

"ನಾನ್ ಯಾಕ್ ಹೇಳ್ಲಿ? ನನ್ ತಂಗೀನೂ ಕೆಲಸಕ್ ಹೋಗ್ತಾಳೆ," ಅಂದರು. "ನನ್ ಕಷ್ಟ ಬೇರೆ. ರಾತ್ರಿ ನನ್ ಹೆಂಡ್ತಿ ಫೋನ್ ನೋಡ್ಬುಟ್ಲು. ಒಂದೊಂದರಲ್ಲೂ ಏನೈತೆ ಗೊತ್ತಾ? 'ಮನೇಲಿ ಹೇಳಕ್ಕಾಗಲ್ಲ, ಅದಕ್ಕೇ ನಿಮ್ಗೆ ಹೇಳ್ತಾ ಇದೀನಿ.' ಹತ್ತೊಂಬತ್ ಜನ ಹೆಂಗಸ್ರು, ಮೇಡಂ!"

ತಾತ ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಮುಖ ಆ ಕಡೆ ತಿರುಗಿಸಿದರು. ಅಂಗಡಿಯವರು ಕೈಮುಗಿದರು.

"ಇವೆಲ್ಲ ಬಸ್ಸಿನ್ ಫಾರಂ ಅಂತ ಕಂಪನಿ ಲೆಟರ್‌ಹೆಡ್ಡಲ್ಲಿ ಒಂದು ಬರ್ದ್‌ಕೊಡಿ. ಸೀಲ್ ಹಾಕಿ. ಇಲ್ಲಾಂದ್ರೆ ನನಗೆ ಇವತ್ತು ಅಂಗಡೀಲೇ ಊಟ."

೭. ಐದು ಗಂಟೆ

ಕಾಗದ ಕೊಟ್ಟು ಕಳಿಸಿ, ಓಡಿಬಂದು ಫಾರಮ್ಮಿನ ಗುಂಡಿ ಆಫ್ ಮಾಡಿದೆ. ಆಮೇಲೆ ಟೆಸ್ಟಿಂಗ್ ಟೇಬಲ್ಲಿಗೆ ಹೋಗಿ ಅಕ್ಕನಿಗೆ ನಡೆದದ್ದನ್ನು ತೊದಲುತ್ತ ಹೇಳಿದೆ: ಉತ್ತರದ ನಕಲು ಮನೆಗೂ ಹೋಗಿರಬಹುದು ಅಕ್ಕ, ತಪ್ಪು ನನ್ನದು. ಅಕ್ಕ ಕೈಯಲ್ಲಿದ್ದ ವೈರಿನ ಕಟ್ಟನ್ನು ಬೋರ್ಡಿಗೆ ಸಿಕ್ಕಿಸಿ ಹಸಿರು ದೀಪ ಹತ್ತುವವರೆಗೂ ಕಾದರು. "ಆದದ್ದು ಆಯ್ತು ಬಿಡಿ," ಅಂದರು. ಅಷ್ಟೇ. ಅವರು ಯಾಕೆ ಅಷ್ಟು ನೆಮ್ಮದಿಯಾಗಿದ್ದರು ಅಂತ ನನಗೆ ಅರ್ಥವಾಗಲಿಲ್ಲ.

ಐದಕ್ಕೆ ಹತ್ತು ನಿಮಿಷವಿತ್ತು. ಶೀಟಿನ ಮೊದಲ ಕಾಲಮ್ಮಿನಲ್ಲಿ ಇಮೇಲುಗಳು ನಿಂತಿದ್ದವು. ಅದನ್ನು ನೋಡಿದರೆ ಯಾರ ಮನೆಯದು ಅಂತ ಸಾರ್‌ಗೆ ತಿಳಿದುಬಿಡುತ್ತದೆ. ಹೆಸರು ಬೇಡ ಅಂತ ನಂಬಿಸಿ ಬರೆಸಿದವಳು ನಾನು. ಆ ಕಾಲಮ್ಮನ್ನು ಪೂರ್ತಿ ಅಳಿಸಿದೆ, ತಾತನದನ್ನೂ ಮಂಗಳವಾರದ ಮೊಪೆಡ್ಡುಗಳನ್ನೂ ತೆಗೆದುಹಾಕಿದೆ. ಎರಡು ಸಲ ಪರೀಕ್ಷೆ ಮಾಡಿದೆ. ಕೊಟ್ಟ ಮಾತಿನಂತೆ ಉತ್ತರಗಳ ಕಡೆ ಕಣ್ಣೂ ಹಾಯಿಸದೆ ಪ್ರಿಂಟ್ ತೆಗೆದು, ಮಗುಚಿ ಹಿಡಿದುಕೊಂಡು ಹೋಗಿ ಸಾರ್ ಮುಂದಿಟ್ಟೆ. ಈಗ ಯಾರ ಗುರುತೂ ಯಾರಿಗೂ ಸಿಗುವುದಿಲ್ಲ ಅಂತ ಸಮಾಧಾನ.

ಸಾರ್ ಓದಿದರು. ಒಂದು ಪುಟ, ಎರಡು ಪುಟ. ಮೂರನೆಯ ಪುಟಕ್ಕೆ ಕನ್ನಡಕ ತೆಗೆದು ಒರೆಸಿಕೊಂಡರು. ಕೆಂಪು ಪೆನ್ನು ಹೊರಗೆ ಬಂತು.

"ಏನಮ್ಮಾ, ಹೆಸರು ಬೇಡ ಅಂತ ಹೇಳಿದ್ದೆನಲ್ಲ?"

ಹಾಳೆ ನನ್ನ ಕಡೆ ತಿರುಗಿಸಿದರು. ಪ್ರತಿಯೊಂದು ಉತ್ತರದ ಕೊನೆಯಲ್ಲೂ ಇನಿಶಿಯಲ್ ಸಮೇತ ಹೆಸರು, ಊರು, ಸೆಕ್ಷನ್ನು, ಟೋಕನ್ ನಂಬರ್. ಕೆಲವರು ಗಂಡನ ಹೆಸರನ್ನೂ ಹಾಕಿದ್ದರು. ಕಟಿಂಗ್ ಸೆಕ್ಷನ್ನಿನ ಹುಡುಗಿ ಹೆಸರಿನ ಮುಂದೆ ಬರೆದಿದ್ದಳು: 'ಮಂಗಳವಾರ ಬರೆದ ಗಂಡ ಸುಳ್ಳು.' ಪ್ಯಾಕಿಂಗ್ ಅಕ್ಕನದರಲ್ಲಿ, 'ಪಕ್ಕದೂರಿನವರಲ್ಲ, ನಾನೇ.'

ಸಾರ್ ಟೆಸ್ಟಿಂಗ್ ಅಕ್ಕನನ್ನು ಕರೆಸಿದರು. ಅಕ್ಕ ನೀಲಿ ಕೋಟಿನಲ್ಲೇ ಬಂದು ನಿಂತರು. ಇದು ಮನೆಯಲ್ಲಿ ಗೊತ್ತಾದರೆ ನಿಮಗೆ ತೊಂದರೆ ಅಲ್ಲವೇ ಅಂತ ಸಾರ್ ಕೇಳಿದರು.

"ಒಬ್ಬಳ ಹೆಸರಿದ್ರೆ ಅವಳ ಮನೇಲಿ ಬೈತಾರೆ ಸಾರ್," ಅಂದರು ಅಕ್ಕ. "ಎಲ್ಲರ ಹೆಸರೂ ಐತೆ. ಈಗ ಬೈಯೋದಾದ್ರೆ ಬಸ್ಸನ್ನೇ ಬೈಬೇಕು."

ಸಾರ್ ಕಿಟಕಿ ಕಡೆ ತಿರುಗಿದರು. ಆಮೇಲೆ, ಅಕ್ಕನಿಗೋ ನನಗೋ ತಮಗೋ ಅನ್ನುವ ಹಾಗೆ ಹೇಳಿದರು: ಹೆಸರಿಲ್ಲದೆ ಬಂದಿದ್ದರೆ 'ಕೆಲವರಿಗೆ ಅಸಮಾಧಾನ' ಅಂತ ಒಂದು ಸಾಲು ಬರೆದು ಹೆಡ್ ಆಫೀಸಿಗೆ ಕಳಿಸಿ ಮರೆತುಬಿಡುತ್ತಿದ್ದೆ. ಟೋಕನ್ ನಂಬರ್ ಹಾಕಿ ಇಷ್ಟು ಜನ ಹೇಳಿದ ಮೇಲೆ, ನಾಳೆ ಏನಾದರೂ ಆದರೆ ನನಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಅಲ್ಲೇ ಫೋನ್ ಎತ್ತಿ ಬಸ್ಸಿನ ಕಾಂಟ್ರಾಕ್ಟರಿಗೆ ಮಾತಾಡಿದರು. ಸೋಮವಾರದಿಂದ ಬಸ್ಸು ಊರೊಳಗೆ.

ಅಕ್ಕ ತಲೆಯಾಡಿಸಿ ಹೊರಟರು. ಬಾಗಿಲ ಹತ್ತಿರ ನನ್ನನ್ನು ನೋಡಿ, ಒಂದು ಕಟ್ಟು ಪಾಸ್ ಮಾಡುವಾಗ ಮಾಡುತ್ತಾರಲ್ಲ, ಹಾಗೆ ಹೆಬ್ಬೆರಳೆತ್ತಿದರು. ನಾನೂ ಹಿಂದೆಯೇ ಜಾರಿಕೊಳ್ಳಬೇಕು ಅನ್ನುವಷ್ಟರಲ್ಲಿ ಸಾರ್ ಕರೆದರು.

"ನಲವತ್ತಾರರಲ್ಲಿ ಒಂದಕ್ಕೆ ಮಾತ್ರ ಹೆಸರಿಲ್ಲ."

ಕೆಂಪು ಪೆನ್ನು ಆ ಉತ್ತರದ ಮೇಲೆಯೇ ನಿಂತಿತ್ತು. ಚಪ್ಪಲಿ, ಫೋನು, ಪಾಲಿಹೌಸಿನ ದೀಪ. ಇಡೀ ಫ್ಯಾಕ್ಟರಿಯಲ್ಲಿ ಹೇಳಿದ ಹಾಗೆ ಕೇಳಿ, ಹೆಸರು ಬರೆಯದೆ ಬಿಟ್ಟವಳು ನಾನೊಬ್ಬಳೇ. ಕಾಲಿನ ಕಡೆ ನೋಡುತ್ತ ನಿಂತೆ.

"ಯಾರು ಅಂತ ನಾನು ಕೇಳುವುದಿಲ್ಲ," ಅಂದರು ಸಾರ್. "ಹೆಸರು ಬೇಡ ಅಂದವನು ನಾನೇ."

ಬಾಗಿಲ ಕಡೆ ತಿರುಗಿದೆ.

"ಆದರೆ ಬರೆದವರು ಎಲ್ಲಾದರೂ ಸಿಕ್ಕಿದರೆ ಒಂದು ಮಾತು ಹೇಳಮ್ಮ. ಕ್ಯಾಶುಯಲ್ ಲೀವ್ ಮುಂದಿನ ವರ್ಷಕ್ಕೆ ಸೇರುವುದಿಲ್ಲ. ಪಾಪ, ಆ ಮನುಷ್ಯ ಅಷ್ಟು ದೂರ ಹಿಂದೆ ಬಂದಿದ್ದಾನೆ, ಅವನಿಗೆ ತಪ್ಪು ರೂಲ್ ಹೇಳಿ ಕಳಿಸಿದ್ದಾರೆ."